ಮುನ್ಸೂಚನೆಯೂ ಹನ್ನೊಂದು ಕಿಲೋಮೀಟರ್ ದಾರಿಯೂ

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳನ್ನು ತಿದ್ದಿ ಬರೆದ ರೂಪ)

ಗೆಳೆಯರೇ,

ನನ್ನ ಮನೆ ಜಯನಗರದಲ್ಲಿದೆ, ಪಾಠ ಹೇಳುವ ಕಾಲೇಜು ಮಲ್ಲೇಶ್ವರದಲ್ಲಿದೆ. ನಡುವೆ ಸುಮಾರು ಹನ್ನೊಂದು ಕಿಲೋಮೀಟರ್ ದಾರಿ. ಸಿಗ್ನಲ್‌ಗಳನ್ನೆಲ್ಲ ಸೇರಿಸಿಕೊಂಡರೆ ಸೈಕಲ್ಲಿನಲ್ಲಿ ಐವತ್ತು ನಿಮಿಷ. ಈ ದಾರಿಯನ್ನು ಹಲವು ವರ್ಷಗಳಿಂದ ತುಳಿಯುತ್ತಿರುವ ಅನುಭವದ ಮೇಲೆ, ಹವಾಮಾನ ಶಾಸ್ತ್ರದ ಪದವಿಯೇನೂ ಇಲ್ಲದ ನಾನು ಇಂದು ಮುನ್ಸೂಚನೆಯ ಬಗ್ಗೆ ಮಾತನಾಡಲು ನಿಂತಿದ್ದೇನೆ. ಸೈಕಲ್ ಸವಾರರು ಸೇರಿದಲ್ಲೆಲ್ಲ ಒಂದು ದೂರು ಕೇಳಿಬರುತ್ತದೆ: ಮಳೆ ಬರುತ್ತದೆ ಎಂದ ದಿನ ಬರುವುದಿಲ್ಲ, ಬರುವುದಿಲ್ಲ ಎಂದ ದಿನ ಬರದೆ ಬಿಡುವುದಿಲ್ಲ. ಈ ದೂರನ್ನು ನಾನೂ ಬಹಳ ಕಾಲ ಹೊತ್ತು ತಿರುಗಿದವನೇ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಮುನ್ಸೂಚನೆಯನ್ನು ನಂಬಬೇಕೋ ಬಿಡಬೇಕೋ ಎಂದು ಒಟ್ಟಾರೆಯಾಗಿ ಕೇಳುವುದರಲ್ಲಿ ಅರ್ಥವಿಲ್ಲ. ಯಾವ ತಿಂಗಳಲ್ಲಿ ಅದರ ಯಾವ ಭಾಗವನ್ನು ನಂಬಬಹುದು ಎಂದು ಕೇಳಿಕೊಂಡರೆ ಅದೇ ಮುನ್ಸೂಚನೆ ಸಾಕಷ್ಟು ಉಪಯೋಗಕ್ಕೆ ಬರುತ್ತದೆ.

ಒಂದು ಮೇ ತಿಂಗಳ ಸಂಜೆಯ ಮಾತು. ಕಾಲೇಜಿನಿಂದ ಹೊರಟಾಗ ಫೋನಿನ ಪರದೆಯ ಮೇಲೆ ಸೂರ್ಯನ ಚಿತ್ರವಿತ್ತು, ಮಲ್ಲೇಶ್ವರದ ಆಕಾಶವೂ ಹಾಗೆಯೇ ಇತ್ತು. ಆನಂದರಾವ್ ವೃತ್ತ ದಾಟುವಷ್ಟರಲ್ಲಿ ಎದುರಿನಿಂದ ತಣ್ಣನೆಯ ಗಾಳಿ ರಪ್ಪನೆ ಬಡಿಯಿತು. ಮುಂದಿನ ಐದು ನಿಮಿಷದಲ್ಲಿ ನಾನು, ನನ್ನ ಚೀಲ, ಚೀಲದೊಳಗಿದ್ದ ಉತ್ತರ ಪತ್ರಿಕೆಗಳು ಎಲ್ಲವೂ ತೊಯ್ದು ತೊಪ್ಪೆಯಾದೆವು. ಜಯನಗರ ತಲುಪಿದರೆ ರಸ್ತೆ ಒಣಗಿತ್ತು. ಬಾಗಿಲು ತೆರೆದ ಮನೆಯವಳು, “ಎಲ್ಲಿ ನೆನೆದು ಬಂದ್ರಿ? ಇಲ್ಲಿ ಒಂದು ಹನಿಯೂ ಬಿದ್ದಿಲ್ಲವಲ್ಲ” ಎಂದಳು. ಹೊರಟ ಊರಿನಲ್ಲೂ ಮಳೆಯಿಲ್ಲ, ಸೇರಿದ ಊರಿನಲ್ಲೂ ಮಳೆಯಿಲ್ಲ, ನೆನೆದದ್ದು ಮಾತ್ರ ನಿಜ. ಅಂದಿನ ಮುನ್ಸೂಚನೆ ಸುಳ್ಳಾಯಿತೇ ಎಂದು ಆಮೇಲೆ ಯೋಚಿಸಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಅಂದು ಬೆಳಗಿನ ಪತ್ರಿಕೆಯಲ್ಲಿ, ದಕ್ಷಿಣ ಒಳನಾಡಿನ ಅಲ್ಲಲ್ಲಿ ಗುಡುಗು ಸಹಿತ ಮಳೆಯಾಗುವ ಸಂಭವವಿದೆ ಎಂದು ಅಚ್ಚಾಗಿತ್ತು. ನಾನು ನೆನೆದ ಜಾಗ ಆ ‘ಅಲ್ಲಲ್ಲಿ’ಗಳಲ್ಲಿ ಒಂದಾಗಿತ್ತು, ಅಷ್ಟೆ.

ಈ ‘ಅಲ್ಲಲ್ಲಿ’ ಎಂಬ ಪದವನ್ನು ನಾವು ಜಾರಿಕೊಳ್ಳುವ ಮಾತೆಂದು ನಗೆಯಾಡುತ್ತೇವೆ. ಆದರೆ ಭಾರತೀಯ ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ ಅದಕ್ಕೆ ಅಳತೆಯಿದೆ. ಒಂದು ಪ್ರದೇಶದಲ್ಲಿರುವ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರವರೆಗಿನ ಕೇಂದ್ರಗಳಲ್ಲಿ ಮಳೆ ಬಿದ್ದರೆ ಅದು ‘ಒಂದೆರಡು ಕಡೆ’ ಅಥವಾ ‘ಅಲ್ಲಲ್ಲಿ’, ಶೇ. 26ರಿಂದ 50 ಆದರೆ ‘ಕೆಲವು ಕಡೆ’. 51ರಿಂದ 75 ‘ಹಲವು ಕಡೆ’. ಅದಕ್ಕೂ ಮೇಲೆ ‘ಬಹುತೇಕ ಕಡೆ’. ಹಾಗೆಂದರೆ ‘ಅಲ್ಲಲ್ಲಿ ಮಳೆ’ ಎಂಬ ಮುನ್ಸೂಚನೆ ಪೂರ್ತಿ ನಿಜವಾದ ದಿನವೂ ನಾಲ್ಕರಲ್ಲಿ ಮೂರು ಕೇಂದ್ರಗಳು ಒಣಗಿಯೇ ಇರುತ್ತವೆ, ಆ ಮೂರು ಊರುಗಳ ಜನ ಇಲಾಖೆಯನ್ನು ಬಯ್ಯುತ್ತಲೂ ಇರುತ್ತಾರೆ. ‘ಭಾರಿ ಮಳೆ’ ಎಂಬುದಕ್ಕೂ ಇಂಥದೇ ಗಡಿಯಿದೆ: ಇಪ್ಪತ್ತನಾಲ್ಕು ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಮಾತ್ರ ಅದು ಭಾರಿ. ಸೈಕಲ್ಲಿನ ಮೇಲೆ ಕುಳಿತವನಿಗೆ ಐದು ಮಿಲಿಮೀಟರ್ ಮಳೆ ಕಾಲು ಗಂಟೆಯಲ್ಲಿ ಸುರಿದರೂ ಭಾರಿಯೇ ಅನ್ನಿಸುತ್ತದೆ. ಅವನ ಭಾರಿ ಮಳೆ ಇಲಾಖೆಯ ಭಾಷೆಯಲ್ಲಿ ಹಗುರ ಮಳೆ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳೂ ಮಳೆಯ ಖಾತರಿಯನ್ನು ಹೇಳುವುದಿಲ್ಲ. ಗಮನವಿಡಿ, ಸಿದ್ಧರಾಗಿರಿ, ಕ್ರಮ ಕೈಗೊಳ್ಳಿ ಎಂದು ಆಡಳಿತಕ್ಕೂ ಜನರಿಗೂ ಹೇಳುವ ಮಾತುಗಳು ಅವು.

ಇನ್ನು, ಇಂಥ ಬೀದಿಗೆ ಇಂಥ ಗಂಟೆಗೆ ಮಳೆ ಎಂದು ಏಕೆ ಹೇಳಲಾಗುವುದಿಲ್ಲ ಎಂಬ ಪ್ರಶ್ನೆ. ಗಣಕಯಂತ್ರದಲ್ಲಿ ವಾತಾವರಣವನ್ನು ಲೆಕ್ಕ ಹಾಕುವವರು ಭೂಮಿಯನ್ನು ಚೌಕಗಳಾಗಿ ವಿಂಗಡಿಸಿಕೊಳ್ಳುತ್ತಾರೆ. ನಮ್ಮ ಇಲಾಖೆಯ ಮುಖ್ಯ ಜಾಗತಿಕ ಮಾದರಿಯಲ್ಲಿ ಈ ಚೌಕದ ಬದಿ ಸುಮಾರು 12 ಕಿಲೋಮೀಟರ್ ಇತ್ತು. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ನಲ್ಲಿ ಅದು 6 ಕಿಲೋಮೀಟರಿಗೆ ಇಳಿದಿದೆ. ಹಳೆಯ ಅಳತೆಯಲ್ಲಿ ನೋಡಿದರೆ ಜಯನಗರದಿಂದ ಮಲ್ಲೇಶ್ವರದವರೆಗಿನ ನನ್ನ ಇಡೀ ದಾರಿ ಒಂದೇ ಚೌಕದೊಳಗೆ ಮುಗಿದುಹೋಗುತ್ತದೆ, ಹೊಸ ಅಳತೆಯಲ್ಲಿ ಎರಡು ಮೂರು ಚೌಕಗಳಿಗೆ ಹರಡುತ್ತದೆ. ಬೇಸಿಗೆಯ ಸಂಜೆ ಬೆಂಗಳೂರಿನ ಮೇಲೆ ಏಳುವ ಒಂಟಿ ಗುಡುಗುಮೋಡವೋ ಕೆಲವೇ ಕಿಲೋಮೀಟರ್ ಅಗಲದ್ದು, ಹುಟ್ಟಿ ಸುರಿದು ಸಾಯಲು ಅದಕ್ಕೆ ಒಂದು ಗಂಟೆಯೂ ಬೇಡ. ದೊಡ್ಡ ಕಣ್ಣಿನ ಬಲೆಯಲ್ಲಿ ಸಣ್ಣ ಮೀನು ಸಿಗಲಿಲ್ಲವೆಂದು ಬೆಸ್ತನನ್ನು ದೂರಿ ಫಲವಿಲ್ಲ. ಇಂದು ಮೋಡ ಏಳುವಷ್ಟು ತೇವ, ತಾಪ, ಗಾಳಿಯ ಹೊಂದಿಕೆ ಇದೆಯೇ ಎಂದು ಮಾದರಿ ಹೇಳಬಲ್ಲದು. ಏಳುವ ಮೋಡ ಶ್ರೀರಾಂಪುರದ ಮೇಲೋ ಚಾಮರಾಜಪೇಟೆಯ ಮೇಲೋ ಎಂದು ಬೆಳಗಿನ ಎಂಟು ಗಂಟೆಗೆ ಹೇಳಲಾರದು.

ಹಾಗಿದ್ದೂ ಫೋನಿನ ಆ್ಯಪ್ ನಮ್ಮ ಬಡಾವಣೆಯ ಹೆಸರು ಹಾಕಿ, ಗಂಟೆ ಗಂಟೆಗೂ ಒಂದೊಂದು ಮೋಡದ ಚಿತ್ರವಿಟ್ಟು, ಶೇಕಡಾವಾರು ತೋರಿಸುತ್ತದೆ. ದೊಡ್ಡ ಚೌಕದ ಲೆಕ್ಕವನ್ನೇ ನಮ್ಮ ಬೀದಿಗೆ ಹೊಲಿದು ಕೊಟ್ಟದ್ದು ಅದು. ಹೊಲಿಗೆ ಚೆನ್ನಾಗಿರುವುದರಿಂದ ಅಳತೆ ತೆಗೆದೇ ಹೊಲಿದಿದ್ದಾರೆಂಬ ಭ್ರಮೆ ಹುಟ್ಟುತ್ತದೆ. ನನ್ನ ಮಟ್ಟಿಗೆ ಮುನ್ಸೂಚನೆಯ ಮೇಲಿನ ನಂಬಿಕೆಯನ್ನು ಕೆಡಿಸಿದ್ದು ಹವಾಮಾನ ಇಲಾಖೆಗಿಂತ ಹೆಚ್ಚಾಗಿ ಈ ಚಿತ್ರಗಳೇ.

ಆ ಶೇಕಡಾವಾರನ್ನು ಸೈಕಲ್ ಸವಾರ ಹೇಗೆ ಓದಬೇಕೆಂಬುದಕ್ಕೆ ಒಂದು ಸಣ್ಣ ಲೆಕ್ಕ ಮಾಡೋಣ. ‘ಇಂದು ಮಳೆಯ ಸಾಧ್ಯತೆ ಶೇ. 60’ ಎಂದರೆ, ಇಂಥವೇ ಹತ್ತು ದಿನಗಳಿದ್ದರೆ ಅವುಗಳಲ್ಲಿ ಆರು ದಿನ ನಾವಿರುವ ಜಾಗದಲ್ಲಿ ಮಳೆ ಬೀಳುತ್ತದೆ ಎಂದರ್ಥ. ದಿನದ ಶೇ. 60ರಷ್ಟು ಹೊತ್ತು ಮಳೆ ಎಂದಾಗಲೀ ಊರಿನ ಶೇ. 60 ಭಾಗದಲ್ಲಿ ಮಳೆ ಎಂದಾಗಲೀ ಅಲ್ಲ. ಈಗ ಆ ಮಳೆ ಒಂದು ಗಂಟೆ ಸುರಿಯುತ್ತದೆಂದೂ ಮಧ್ಯಾಹ್ನ 3ರಿಂದ ರಾತ್ರಿ 9ರೊಳಗೆ ಯಾವಾಗ ಬೇಕಾದರೂ ಶುರುವಾಗಬಹುದೆಂದೂ ಇಟ್ಟುಕೊಳ್ಳಿ. ನಾನು ದಾರಿಯ ಮೇಲಿರುವುದು 5.45ರಿಂದ 6.35ರವರೆಗೆ. ಮಳೆ 4.45ಕ್ಕೂ 6.35ಕ್ಕೂ ನಡುವೆ ಶುರುವಾದರೆ ಮಾತ್ರ ನನಗೆ ತಗಲುತ್ತದೆ; ಅಂದರೆ 360 ನಿಮಿಷಗಳಲ್ಲಿ 110 ನಿಮಿಷ. ಗುಣಿಸಿದರೆ ನಾನು ನೆನೆಯುವ ಸಾಧ್ಯತೆ ಶೇ. 18ರ ಸುಮಾರಿಗೆ ಬಂದು ನಿಲ್ಲುತ್ತದೆ. ನಮ್ಮೂರಿನ ಬೇಸಿಗೆ ಮಳೆಗೆ ಸಂಜೆಯೇ ಪ್ರಿಯವಾದ್ದರಿಂದ ನಿಜವಾದ ಅಂಕಿ ಇದಕ್ಕಿಂತ ಹೆಚ್ಚೇ ಇರುತ್ತದೆ; ಲೆಕ್ಕ ಒರಟು. ಆದರೂ ದಿನದ ಪ್ರಶ್ನೆ ಬೇರೆ, ಐವತ್ತು ನಿಮಿಷದ ಪ್ರಶ್ನೆ ಬೇರೆ ಎಂಬುದು ಇದರಿಂದ ತಿಳಿಯುತ್ತದೆ. ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ: ನಮ್ಮ ದೇಶದಲ್ಲಿ ಮಳೆಯ ದಿನ ಶುರುವಾಗುವುದು ಬೆಳಿಗ್ಗೆ 8.30ಕ್ಕೆ, ಮುಗಿಯುವುದು ಮರುದಿನ 8.30ಕ್ಕೆ. ಮಂಗಳವಾರದ ಮಳೆ ಬುಧವಾರದ ನಸುಕಿನಲ್ಲಿ ಸುರಿದು ಹೋದರೂ ಮುನ್ಸೂಚನೆ ಗೆದ್ದಂತೆಯೇ. ಆ ಹೊತ್ತಿಗೆ ನನ್ನ ಸೈಕಲ್ ಮೆಟ್ಟಿಲ ಕೆಳಗೆ ಮಲಗಿರುತ್ತದೆ.

ಈಗ ತಿಂಗಳುಗಳ ವಿಷಯಕ್ಕೆ ಬರುತ್ತೇನೆ. ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇದೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿ, ಎರಡು ಸಮುದ್ರಗಳ ತೇವ ಬಂದು ಸೇರಬಹುದಾದ ಜಾಗದಲ್ಲಿ ಕುಳಿತಿರುವ ಊರು. ಹೀಗಾಗಿ ಇಲ್ಲಿಗೆ ಬರುವುದು ಒಂದೇ ಬಗೆಯ ಮಳೆಯಲ್ಲ.

ಏಪ್ರಿಲ್, ಮೇ ತಿಂಗಳ ಮಳೆ ಮಧ್ಯಾಹ್ನದ ಕಾವಿನಿಂದ ಏಳುವ ಗುಡುಗುಮೋಡದ್ದು. ಆ ಕಾಲದ ಮುನ್ಸೂಚನೆಯಲ್ಲಿ ‘ಇಂದು’ ಎಂಬುದನ್ನು ನಂಬಬಹುದು, ‘ಎಲ್ಲಿ’ ಎಂಬುದನ್ನು ನಂಬಬಾರದು, ‘ಎಷ್ಟು ಗಂಟೆಗೆ’ ಎಂಬುದನ್ನು ಅರ್ಧ ನಂಬಬಹುದು. ಬೆಳಗಿನ ಸವಾರಿ ಈ ತಿಂಗಳುಗಳಲ್ಲಿ ಬಹುಮಟ್ಟಿಗೆ ನಿರಾತಂಕ, ಜೂಜೆಲ್ಲ ಸಂಜೆಯದು. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರು ಕರಾವಳಿಯನ್ನೂ ಮಲೆನಾಡನ್ನೂ ಮುಳುಗಿಸುತ್ತಿರುವಾಗ ನಮಗೆ ಸಿಗುವುದು ಬಹುಪಾಲು ಸೋನೆ, ತುಂತುರು, ಮೋಡ ಮುಚ್ಚಿದ ಆಕಾಶ. ಇಂಥ ಮಳೆಯ ವಿಷಯದಲ್ಲಿ ಮುನ್ಸೂಚನೆ ತಪ್ಪಿದರೂ ನಷ್ಟ ಕಡಿಮೆ, ಏಕೆಂದರೆ ನೆನೆದರೂ ಅರ್ಧ ತೋಳು ನೆನೆಯುತ್ತದೆ. ಆ ತಿಂಗಳುಗಳಲ್ಲಿ ನಾನು ನೋಡುವುದು ಮಳೆಯ ಅಂಕಿಯನ್ನಲ್ಲ, ಗಾಳಿಯ ಅಂಕಿಯನ್ನು. ಪಡುವಣ ಗಾಳಿ ದಿನವಿಡೀ ಒಂದೇ ದಿಕ್ಕಿನಿಂದ ಬೀಸುತ್ತದೆ, ಅದರ ಮುನ್ಸೂಚನೆ ತಪ್ಪುವುದು ಅಪರೂಪ. ಉತ್ತರಕ್ಕೆ ಹೋಗುವಾಗ ಎಡಗೆನ್ನೆಗೆ, ದಕ್ಷಿಣಕ್ಕೆ ಮರಳುವಾಗ ಬಲಗೆನ್ನೆಗೆ ಬಡಿಯುವ ಆ ಗಾಳಿಯಲ್ಲಿ, ಪಕ್ಕದಲ್ಲಿ ಬಸ್ಸು ಹಾದುಹೋಗುವ ಕ್ಷಣಕ್ಕೆ ಹ್ಯಾಂಡಲ್ ಬಿಗಿಯಾಗಿ ಹಿಡಿಯುವುದನ್ನು ಕಲಿಯಬೇಕು. ಹಾಗೆಂದು ಜೂನ್ ತಿಂಗಳನ್ನು ಪೂರ್ತಿ ಸಾಧುವೆಂದುಕೊಳ್ಳುವಂತಿಲ್ಲ: 2024ರ ಜೂನ್ 2ರಂದು ನಗರದಲ್ಲಿ ಒಂದೇ ದಿನ 111.1 ಮಿಲಿಮೀಟರ್ ಸುರಿದು, 1891ರಿಂದ ಉಳಿದುಬಂದಿದ್ದ ಜೂನ್ ತಿಂಗಳ ದಾಖಲೆಯನ್ನು ಮುರಿಯಿತು. ಮುಂಗಾರು ಕಾಲಿಡುವ ದಿನಗಳು ಇನ್ನೂ ಮೇ ತಿಂಗಳ ಗುಣವನ್ನೇ ಹೊತ್ತಿರುತ್ತವೆ.

ಸೆಪ್ಟೆಂಬರ್, ಅಕ್ಟೋಬರ್ ನಮ್ಮೂರಿನ ನಿಜವಾದ ಮಳೆಗಾಲ. ಮುಂಗಾರಿನ ಕೊನೆಯೂ ಹಿಂಗಾರಿನ ಮೊದಲೂ ಬೆರೆತು, ಸಂಜೆ ಶುರುವಾದ ಮಳೆ ರಾತ್ರಿಯಿಡೀ ಹಿಡಿಯಬಹುದು. 2022ರ ಸೆಪ್ಟೆಂಬರ್ 4ರ ರಾತ್ರಿಯ ಮಳೆಗೆ ಹೊರವರ್ತುಲ ರಸ್ತೆ ಕೆರೆಯಾದದ್ದು ನಿಮಗೆ ನೆನಪಿರಬಹುದು. ಈ ಕಾಲದಲ್ಲಿ ಮಳೆಯ ಮುನ್ಸೂಚನೆಗಿಂತ ನಿನ್ನೆ ರಾತ್ರಿ ಎಲ್ಲಿ ಎಷ್ಟು ಬಿದ್ದಿತೆಂಬ ವರದಿ ಹೆಚ್ಚು ಉಪಯೋಗಿ, ಏಕೆಂದರೆ ಬೆಳಗಿನ ಸವಾರನ ತೊಂದರೆ ಆಕಾಶದಿಂದ ಬರುವುದಿಲ್ಲ, ನಿಂತ ನೀರಿನಿಂದ ಬರುತ್ತದೆ. ನವೆಂಬರ್, ಡಿಸೆಂಬರ್ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಗಿ ಚೆನ್ನೈ ಕಡೆಯಿಂದ ಮೋಡ ಸರಿದು ಬರುವಾಗ ಮಾತ್ರ ಮುನ್ಸೂಚನೆಯನ್ನು ಎರಡು ಮೂರು ದಿನ ಮೊದಲೇ ಧೈರ್ಯವಾಗಿ ನಂಬುತ್ತೇನೆ. ನೂರಾರು ಕಿಲೋಮೀಟರ್ ಹರಡಿದ ಆ ವ್ಯವಸ್ಥೆ ಬಲೆಯಿಂದ ತಪ್ಪಿಸಿಕೊಳ್ಳುವಷ್ಟು ಸಣ್ಣದಲ್ಲ. ಅಂಥ ವಾರದಲ್ಲಿ ಹಿಂದಿನ ರಾತ್ರಿಯೇ ಬಸ್ಸಿನ ಪಾಸು ಜೇಬಿಗಿಟ್ಟುಕೊಳ್ಳುತ್ತೇನೆ.

ನಮ್ಮ ಅಜ್ಜಂದಿರು ಭರಣಿ, ಕೃತ್ತಿಕೆ, ರೋಹಿಣಿ, ಆರಿದ್ರ ಎಂದು ಮಳೆಗೆ ನಕ್ಷತ್ರದ ಹೆಸರಿಟ್ಟು ಹದಿಮೂರು ಹದಿನಾಲ್ಕು ದಿನಗಳ ಕಂತು ಮಾಡಿಕೊಂಡಿದ್ದರು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆ ಇಂಥ ದಿನ ಮಳೆಯೆಂದು ಹೇಳುವುದಿಲ್ಲ. ಏಪ್ರಿಲ್ ಕೊನೆಯಿಂದ ಮೇ ಎರಡನೆಯ ವಾರದವರೆಗಿನ ಮಳೆ ಎಷ್ಟು ಬೆಲೆಯುಳ್ಳದ್ದೆಂದು ಹೇಳುತ್ತದೆ. ಅದು ಕಾಲದ ಸ್ವಭಾವದ ಜ್ಞಾನ, ದಿನದ ಭವಿಷ್ಯವಲ್ಲ. ಸೈಕಲ್ ತುಳಿಯುವವನಿಗೆ ಮೊದಲು ಬೇಕಾದದ್ದೂ ಈ ಸ್ವಭಾವದ ಜ್ಞಾನವೇ ಎಂದು ನನಗೆ ಅನ್ನಿಸಿದೆ.

ಇಷ್ಟಾದ ಮೇಲೆ ತೀರ್ಮಾನವನ್ನು ಎರಡು ಹೊತ್ತಿಗೆ ಒಡೆದುಕೊಳ್ಳುವುದು ಸುಲಭ. ಬೆಳಿಗ್ಗೆ ದಿನದ ಮುನ್ಸೂಚನೆ ನೋಡಿ ಚೀಲದಲ್ಲಿ ಏನಿರಬೇಕೆಂದು ಮಾತ್ರ ನಿರ್ಧರಿಸುತ್ತೇನೆ. ಹೊರಡುವುದು ಯಾವಾಗ ಎಂಬುದನ್ನು ಸಂಜೆಗೆ ಬಿಡುತ್ತೇನೆ. ಅದಕ್ಕೆ ಬೇಕಾದದ್ದು ಮುನ್ಸೂಚನೆಯಲ್ಲ, ಈ ಗಳಿಗೆಯ ಸುದ್ದಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಅದೇ ಕೇಂದ್ರದ ‘ಮೇಘ ಸಂದೇಶ’ ಎಂಬ ಆ್ಯಪ್ ಬೆಂಗಳೂರಿಗಾಗಿಯೇ ಮಾಡಿದ್ದು. ಈಗ ಯಶವಂತಪುರದಲ್ಲಿ ಸುರಿಯುತ್ತಿದೆಯೇ, ಬಸವನಗುಡಿಯಲ್ಲಿ ಒಣಗಿದೆಯೇ ಎಂಬುದು ನನಗೆ ಶೇ. 60ಕ್ಕಿಂತ ಬೆಲೆಬಾಳುವ ಮಾತು. ಸಿಡಿಲಿನ ಎಚ್ಚರಿಕೆಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಇದೆ. ಉಪಗ್ರಹದ ಚಿತ್ರಗಳು ಅರ್ಧ ಗಂಟೆಗೊಮ್ಮೆ ಸಿಗುತ್ತವೆ. ರೇಡಾರ್ ಚಿತ್ರದ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು: ಬೆಂಗಳೂರಿನ ಮೋಡವನ್ನು ಬಹಳ ಕಾಲ ನಾವು ಚೆನ್ನೈನ ಡಾಪ್ಲರ್ ರೇಡಾರಿನಲ್ಲಿ ನೋಡಿಕೊಂಡು ಬಂದವರು. ಸುಮಾರು 290 ಕಿಲೋಮೀಟರ್ ದೂರ ಬರುವಷ್ಟರಲ್ಲಿ ಭೂಮಿ ಬಾಗಿ, ರೇಡಾರಿನ ಕಿರಣ ನಮ್ಮ ತಲೆಯಿಂದ ಹಲವು ಕಿಲೋಮೀಟರ್ ಮೇಲೆ ಹಾದುಹೋಗುತ್ತದೆ. ಎತ್ತರದ ಗುಡುಗುಮೋಡ ಅದಕ್ಕೆ ಕಾಣುತ್ತದೆ, ತಗ್ಗಿನ ಸೋನೆಮೋಡ ಕಾಣುವುದಿಲ್ಲ. ಪರದೆ ಖಾಲಿಯಿದ್ದ ಮಾತ್ರಕ್ಕೆ ಆಕಾಶ ಖಾಲಿಯೆಂದು ಹೊರಡಬಾರದು.

ಆಕಾಶವನ್ನೇ ನೋಡುವ ಅಭ್ಯಾಸ ಇವೆಲ್ಲಕ್ಕೂ ಮೇಲು ಎಂದು ಹೇಳಿದರೆ ಹಳೆಯ ಕಾಲದ ಮಾತೆಂದು ನಗಬೇಡಿ. ಮೇ ತಿಂಗಳಲ್ಲಿ ಮಧ್ಯಾಹ್ನ ಎರಡು ಮೂರು ಗಂಟೆಗೆ ಕಾಲೇಜಿನ ತಾರಸಿಗೆ ಹೋದರೆ, ಹೂಕೋಸಿನಂತೆ ಅಂಚು ಚೂಪಾಗಿ ಮೇಲೇರುತ್ತಿರುವ ಮೋಡಗಳು ಯಾವ ದಿಕ್ಕಿನಲ್ಲಿವೆ ಎಂದು ಗೊತ್ತಾಗುತ್ತದೆ. ಮೋಡದ ನೆತ್ತಿ ಚಪ್ಪಟೆಯಾಗಿ ಕಮ್ಮಾರನ ಅಡಿಗಲ್ಲಿನಂತೆ ಹರಡಿದ್ದರೆ ಅದು ಬಲಿತ ಮೋಡ. ಸೆಖೆಯ ನಡುವೆ ತಣ್ಣನೆಯ ಗಾಳಿ ಇದ್ದಕ್ಕಿದ್ದಂತೆ ತಿರುಗಿ ಬೀಸಿದರೆ, ಎಲ್ಲೋ ಹತ್ತಿರದಲ್ಲಿ ಮಳೆಯೊಡನೆ ಕೆಳಗಿಳಿದ ಗಾಳಿ ನೆಲ ಮುಟ್ಟಿ ಹರಡುತ್ತಿದೆ ಎಂದು ತಿಳಿಯಬೇಕು. ಅಂದು ಆನಂದರಾವ್ ವೃತ್ತದಲ್ಲಿ ನನಗೆ ಬಡಿದದ್ದು ಅದೇ ಗಾಳಿ. ಅರ್ಥವಾಗಿದ್ದರೆ ಹತ್ತಿರದ ಅಂಗಡಿಯ ಸೂರಿಗೆ ಸರಿದುಕೊಳ್ಳಲು ಬೇಕಾದಷ್ಟು ಹೊತ್ತಿತ್ತು.

ಕಾಯುವುದಕ್ಕೆ ನಾವು ತಕ್ಕ ಬೆಲೆ ಕೊಡುವುದಿಲ್ಲ. ಗುಡುಗುಮಳೆಯ ಜೋರು ಮುಕ್ಕಾಲು ಗಂಟೆಯಲ್ಲಿ ಇಳಿಯುತ್ತದೆ. ಆ ಹೊತ್ತನ್ನು ಕಾಲೇಜಿನಲ್ಲೇ ಕಳೆಯಬಲ್ಲವನಿಗೆ ಮುನ್ಸೂಚನೆ ತಪ್ಪಿದರೂ ಬಟ್ಟೆ ಒಣಗಿರುತ್ತದೆ. ಮನೆಗೆ ಇಷ್ಟೇ ಹೊತ್ತಿಗೆ ಬರುತ್ತೇನೆ ಎಂದು ಮಾತು ಕೊಡುವುದನ್ನು ನಾನು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನಿಲ್ಲಿಸಿದ್ದೇನೆ. ರೇನ್‌ಕೋಟನ್ನು ಮಾತ್ರ ಮುನ್ಸೂಚನೆ ನೋಡದೆ ಈ ತಿಂಗಳುಗಳುದ್ದಕ್ಕೂ ಕ್ಯಾರಿಯರಿಗೆ ಕಟ್ಟಿಯೇ ಇಡುತ್ತೇನೆ. ಅದನ್ನು ಸುಮ್ಮನೆ ಹೊತ್ತ ನೂರು ದಿನದ ಭಾರವನ್ನೂ ಅದಿಲ್ಲದೆ ನೆನೆದ ಒಂದು ದಿನದ ಜ್ವರವನ್ನೂ ತೂಗಿ ನೋಡಿದರೆ ತಕ್ಕಡಿ ಯಾವ ಕಡೆ ವಾಲುತ್ತದೆಂದು ಹೇಳಬೇಕಾಗಿಲ್ಲ. ಸ್ಕೂಟರಿನವರು ತೊಡುವ ದಪ್ಪ ರೇನ್‌ಕೋಟ್ ಸೈಕಲ್ಲಿಗೆ ಆಗುವುದಿಲ್ಲ. ತುಳಿಯುವವನು ಒಳಗಿನ ಬೆವರಿನಲ್ಲೇ ಮಳೆಯಷ್ಟು ನೆನೆಯುತ್ತಾನೆ. ಕಂಕುಳ ಬಳಿ ಗಾಳಿಯಾಡುವ ತೆಳು ಜಾಕೆಟ್ಟು, ಎರಡೂ ಚಕ್ರಗಳಿಗೆ ಉದ್ದನೆಯ ಮಡ್‌ಗಾರ್ಡು, ಪುಸ್ತಕಕ್ಕೊಂದು ಪ್ಲಾಸ್ಟಿಕ್ ಚೀಲ, ಕಾಲೇಜಿನ ಬೀರುವಿನಲ್ಲಿ ಒಂದು ಜೊತೆ ಒಣಬಟ್ಟೆ, ಇಷ್ಟಿದ್ದರೆ ಸಾಕು. ಮಡಚುವ ಸೈಕಲ್ಲಿದ್ದವರು ಮೆಟ್ರೋ ಹತ್ತಿಬಿಡಬಹುದು, ನನ್ನದು ಮಡಚುವಂಥದ್ದಲ್ಲ.

ಎಷ್ಟೇ ಎಚ್ಚರವಿದ್ದರೂ ವರ್ಷದಲ್ಲಿ ಕೆಲವು ಸಲ ಮಳೆಯ ನಡುವೆ ಸಿಕ್ಕಿಬೀಳುವುದು ತಪ್ಪದು. ಬಹಳ ದಿನ ಒಣಗಿದ್ದ ರಸ್ತೆಗೆ ಮೊದಲ ಹನಿಗಳು ಬಿದ್ದಾಗ ಎಣ್ಣೆಯೂ ಧೂಳೂ ಸೇರಿ ಜಾರುವ ಪಾಕವಾಗುತ್ತದೆ; ಹಾಗಾಗಿ ಮೊದಲ ಹತ್ತು ನಿಮಿಷ ಕೊನೆಯ ಹತ್ತು ನಿಮಿಷಕ್ಕಿಂತ ಅಪಾಯ. ರಿಮ್ಮಿಗೆ ಹಿಡಿಯುವ ಬ್ರೇಕು ನೆನೆದಾಗ ತಡವಾಗಿ ಕಚ್ಚುತ್ತದೆ, ಆದ್ದರಿಂದ ಸ್ವಲ್ಪ ಮೊದಲೇ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಬೇಕು. ರಸ್ತೆಯ ಬಿಳಿ ಪಟ್ಟೆ, ಮ್ಯಾನ್‌ಹೋಲಿನ ಮುಚ್ಚಳ ಇವುಗಳ ಮೇಲೆ ಹ್ಯಾಂಡಲ್ ತಿರುಗಿಸಬಾರದು. ತಳ ಕಾಣದ ನೀರಿಗೆ ಇಳಿಯಬಾರದು. ಕೆಳಸೇತುವೆಯಲ್ಲಂತೂ ಖಂಡಿತ ಕೂಡದು. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ತುಂಬಿದ ನೀರಿಗೆ ಕಾರಿನಲ್ಲಿದ್ದ ಯುವತಿಯೊಬ್ಬಳು ಬಲಿಯಾದಳು. ಆ ವೃತ್ತ ನನ್ನ ದಾರಿಯಲ್ಲೇ ಇದೆ. ಅಂದು ಮುನ್ಸೂಚನೆ ಸರಿಯಿತ್ತೋ ಇಲ್ಲವೋ ಎಂಬ ಚರ್ಚೆ ಅಲ್ಲಿ ಹಾದುಹೋಗುವಾಗ ನನಗೆ ಮುಖ್ಯವೆನಿಸುವುದಿಲ್ಲ.

ಉಪನ್ಯಾಸದ ನಂತರ ಎರಡು ಪ್ರಶ್ನೆಗಳು ಬಂದವು. ಗುಡುಗು ಕೇಳಿದಾಗ ಮರದ ಕೆಳಗೆ ನಿಲ್ಲಬಹುದೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಕೂಡದಮ್ಮ, ಎಂದೆ. ಸಿಡಿಲಿನ ಭಯವೂ ಇದೆ, ಬೇಸಿಗೆ ಮಳೆಯ ಗಾಳಿಗೆ ನಮ್ಮೂರಿನ ಗುಲ್‌ಮೊಹರ್ ಕೊಂಬೆಗಳು ಮುರಿದು ಬೀಳುವ ಭಯವೂ ಇದೆ. ಮಿಂಚು ಕಂಡಾಗಿನಿಂದ ಎಣಿಸಬೇಕು; ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಕಟ್ಟಡದೊಳಗೆ ಸೇರಿಕೊಂಡು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಬೇಕು.

ಹಿಂದಿನ ಸಾಲಿನಲ್ಲಿದ್ದ ನಿವೃತ್ತರೊಬ್ಬರು, “ಮೇಷ್ಟ್ರೇ, ಇಷ್ಟೆಲ್ಲ ನೋಡಿದ ಮೇಲೂ ನಿಮ್ಮ ಊಹೆ ಎಷ್ಟು ಸಲ ಸರಿಹೋಗುತ್ತದೆ?” ಎಂದರು. ನನ್ನ ಬಳಿ ಒಂದು ನೋಟ್‌ಪುಸ್ತಕವಿದೆ. ಅದರಲ್ಲಿ ಬೆಳಿಗ್ಗೆ ಓದಿದ ಮುನ್ಸೂಚನೆ, ನಾನು ಅಂದುಕೊಂಡದ್ದು, ದಾರಿಯಲ್ಲಿ ಆದದ್ದು ಎಂದು ಮೂರು ಸಾಲು ಗೀಚುತ್ತೇನೆ. ಅದನ್ನು ತಿರುವಿಹಾಕಿದಾಗ ಕಂಡದ್ದನ್ನು ಅವರಿಗೆ ಹೇಳಿದೆ: ಮುನ್ಸೂಚನೆ ಕೈಕೊಟ್ಟ ದಿನಗಳೆಂದು ನಾನು ಬಾಯಿಪಾಠ ಹೇಳುತ್ತಿದ್ದವುಗಳಲ್ಲಿ ಹಲವು, ನಾನು ಮುನ್ಸೂಚನೆಯನ್ನು ಓದದೆಯೇ ಹೊರಟ ದಿನಗಳಾಗಿದ್ದವು.